ದರ್ವೀಶನ ನಲವತ್ತನೆಯ ದಿನ

ಹೊರ್ಮುಜ್ ಜಲಸಂಧಿಯನ್ನು ಮುಚ್ಚುತ್ತಾರಂತೆ ಎಂದು ರೇಡಿಯೋ ಒದರಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಬುದ್ಧಿ ತಿಳಿದಾಗಿನಿಂದ ಇದೇ ರಾಗ. ಇರಾನಿನ ದೊರೆ ಶಾಹ ಇದ್ದಾಗ ಮುಚ್ಚುತ್ತಾರಂತೆ, ಶಾಹ ಓಡಿಹೋದ ಮೇಲೆ ಮುಚ್ಚುತ್ತಾರಂತೆ, ಇರಾಕಿನ ಯುದ್ಧ ನಡೆವಾಗ ಮುಚ್ಚುತ್ತಾರಂತೆ, ಅದು ಮುಗಿದ ಮೇಲೂ ಮುಚ್ಚುತ್ತಾರಂತೆ. ಎಲ್ಲೋ ದೂರದ ಊರುಗಳಲ್ಲಿ ಎಣ್ಣೆಯ ಬೆಲೆ ಏರುತ್ತದೆ, ಕೋಟು ತೊಟ್ಟವರು ಮೈಕಿನ ಮುಂದೆ ಕೂತು ತಲೆ ಚಚ್ಚಿಕೊಳ್ಳುತ್ತಾರೆ. ಈ ಚಳಿಗಾಲದಲ್ಲೂ ಅದೇ ಸುದ್ದಿ. ನಾನು ಜಲಸಂಧಿಯ ದಂಡೆಯಲ್ಲೇ ಇರುವ ನಮ್ಮ ಊರು ಕುಮ್ಜಾರಿನ ದಿಣ್ಣೆ ಹತ್ತಿ ನೋಡಿದೆ. ಹಡಗುಗಳು ಒಂದರ ಹಿಂದೆ ಒಂದು ಆರಾಮವಾಗಿ ಹೋಗುತ್ತಿದ್ದವು. ಅಯ್ಯೋ ಪುಣ್ಯಾತ್ಮರೇ, ಮುಚ್ಚುವುದು ಅಂದರೆ ಏನೆಂದು ನನ್ನ ಅಪ್ಪ ದರ್ವೀಶನನ್ನು ಕೇಳಬೇಕಿತ್ತು ನೀವು. ಅವನು ತೀರಿಹೋಗಿ ಐದು ವರ್ಷವಾಯಿತು.

ಅಪ್ಪ ಕುಳ್ಳ. ಬಲೆ ಎಳೆದೂ ಎಳೆದೂ ಬಲಗಡೆಯ ಹೆಗಲು ಮೇಲೆದ್ದಿತ್ತು. ಮಾತಿಗೆ ನಿಂತರೆ ಮೀನಿನ ಜೊತೆಗೂ ಜಗಳ ಆಡುವ ಆಸಾಮಿ. ಆದರೆ ಅವನ ಕಣ್ಣಿಗೆ ಇಡೀ ಊರು ಬೆಲೆ ಕೊಡುತ್ತಿತ್ತು. ಬೇಸಿಗೆ ಇಳಿಯುವ ಹೊತ್ತಿಗೆ, ಬೆಳಗಿನ ಜಾವ ದಕ್ಷಿಣದಲ್ಲಿ ಸುಹೈಲ್ ನಕ್ಷತ್ರವನ್ನು ಮೊದಲು ಕಾಣುವವನು ಅವನೇ. ಅವನು ಕಂಡೆ ಎಂದ ದಿನ ನಮ್ಮ ಕಡಲಿನ ವರ್ಷದ ಮೊದಲ ದಿನ. ಮೀನು ಯಾವಾಗ ಬರುತ್ತದೆ, ಗಾಳಿ ಯಾವಾಗ ತಿರುಗುತ್ತದೆ, ಮದುವೆ ಯಾವಾಗ, ಎಲ್ಲವೂ ಅಲ್ಲಿಂದ ಇಷ್ಟನೇ ದಿನ, ಅಷ್ಟನೇ ದಿನ ಎಂದೇ ಲೆಕ್ಕ. ಆ ಮೊದಲ ದಿನದ ಸುದ್ದಿ ಮರುದಿನದ ದೋಣಿಯಲ್ಲಿ ಎದುರು ದಡದ, ಇರಾನಿಗೆ ಸೇರಿದ ಲಾರಕ್ ದ್ವೀಪಕ್ಕೂ ಹೋಗುತ್ತಿತ್ತು. ಅಲ್ಲಿಯವರೂ ನಮ್ಮವರೇ, ಅದೇ ಭಾಷೆ, ಅದೇ ಬಯ್ಗುಳ.

ಅಪ್ಪನ ಒಬ್ಬಳೇ ತಂಗಿ ಜುಲೈಖಾ ಅಲ್ಲಿಗೆ ಸೊಸೆಯಾಗಿ ಹೋದಳು, ನನ್ನ ಅವ್ವ ಅಲ್ಲಿಂದ ಇಲ್ಲಿಗೆ ಬಂದಳು. ಕೊಟ್ಟು ತಂದ ಸಂಬಂಧ. ತಾಯಿ ಬೇಗ ಹೋಗಿದ್ದರಿಂದ ಜುಲೈಖತ್ತೆಯನ್ನು ಎತ್ತಿ ಆಡಿಸಿ, ತಲೆ ಬಾಚಿ ಬೆಳೆಸಿದವನು ಅಪ್ಪನೇ. ಆಗೆಲ್ಲ ರಾತ್ರಿಯ ಗಾಳಿಗೆ ಹಾಯಿ ಬಿಚ್ಚಿದರೆ ಬೆಳಗಿನ ಚಹಾ ತಂಗಿಯ ಮನೆಯಲ್ಲಿ. ನಾನು ಹುಟ್ಟಿದ ವಾರದಲ್ಲೇ ಅತ್ತೆ ತನ್ನ ಎರಡು ವರ್ಷದ ಯಾಖೂಬನನ್ನು ಸೊಂಟದ ಮೇಲೆ ಹೊತ್ತು ಬಂದು, "ಇವಳು ನನ್ನ ಸೊಸೆ. ಬೇರೆ ಯಾರಾದ್ರೂ ಕಣ್ಣು ಹಾಕಿದ್ರೆ ಜೋಕೆ!" ಎಂದು ಊರಿಗೆಲ್ಲ ಕೇಳುವಂತೆ ಹೇಳಿ ಹೋದಳಂತೆ. ಎಂಟು ವರ್ಷದವಳಿದ್ದಾಗ ಒಮ್ಮೆ ಅವನನ್ನು ಕಂಡಿದ್ದೆ. ನನ್ನ ಮಡಿಲಿಗೆ ಜೀವಂತ ಏಡಿ ಎಸೆದು ಓಡಿದ್ದ. ಅದೇ ಕೊನೆ.

ದೊಡ್ಡವರ ಆಟ ನಾನು ತೊಟ್ಟಿಲಲ್ಲಿದ್ದಾಗಲೇ ಶುರುವಾಗಿತ್ತು. ಇಂಗ್ಲಿಷರು ಹೋದರು, ಶಾಹನ ಸೈನ್ಯ ಕೊಲ್ಲಿಯ ಒಳಗಿನ ಮೂರು ದ್ವೀಪಗಳನ್ನು ಹಿಡಿಯಿತು. ಆಗಲೂ ನಮ್ಮ ದೋಣಿಗಳು ಹೇಗೋ ಹೋಗಿಬರುತ್ತಿದ್ದವು. ಶಾಹ ಹೋಗಿ ಮೌಲ್ವಿಗಳು ಬಂದ ವರ್ಷ ಎರಡೂ ದಡದಲ್ಲಿ ಕಾವಲು ಬಿಗಿಯಾಯಿತು. ಅದೇ ವರ್ಷ ಹಡಗುಗಳ ದಾರಿಯನ್ನೂ ನಮ್ಮ ಸಲಾಮಾ ಬಂಡೆಗಳ ಒಳಗಡೆಯಿಂದ ಆಚೆ ಕಡಲಿಗೆ ಸರಿಸಿದರು. ಅದನ್ನು ತಿಳಿಸಲು ನೌಕಾಪಡೆಯ ಅಧಿಕಾರಿಯೊಬ್ಬ ನಕ್ಷೆ ಹಿಡಿದು ನಮ್ಮ ಮರಳಿಗೆ ಬಂದ. ನಾನು ಅಪ್ಪನ ಪಕ್ಕದಲ್ಲೇ ಕೂತಿದ್ದೆ.

"ಇದು ಒಳಗೆ ಹೋಗೋ ಹಡಗಿನ ದಾರಿ, ಎರಡು ಮೈಲಿ. ಇದು ಹೊರಗೆ ಬರೋ ದಾರಿ, ಎರಡು ಮೈಲಿ. ನಡುವೆ ಎರಡು ಮೈಲಿ ಖಾಲಿ," ಎಂದ ಅಧಿಕಾರಿ.

"ಅಡ್ಡ ಹೋಗೋರ ದಾರಿ ಎಲ್ಲಿ ಸಾಹೇಬ್ರೆ?" ಎಂದ ಅಪ್ಪ.

"ಅಡ್ಡ ಯಾರು ಹೋಗ್ತಾರೆ?"

"ನಾನು ಹೋಗ್ತೀನಿ. ನನ್ನ ತಂಗಿ ಇರೋದು ಅಲ್ಲಿ."

"ಅದು ಬೇರೆ ದೇಶ ಕಣಪ್ಪಾ."

"ದೇಶ ಬೇರೆ ಇರ್ಲಿ ಬಿಡಿ. ತಂಗಿ ಬೇರೆಯವಳಾಗ್ತಾಳಾ?"

ಜನ ಗೊಳ್ಳೆಂದು ನಕ್ಕರು. ಅಧಿಕಾರಿಯೂ ನಕ್ಕ, ನಕ್ಷೆ ಸುತ್ತಿಕೊಂಡು ಹೋದ. ಮೂರು ವರ್ಷದ ಮೇಲೆ ಶಾಲೆಯ ಮೇಷ್ಟರು ಪತ್ರಿಕೆ ಓದಿ ಹೇಳಿದರು, ಪ್ರಪಂಚದ ದೇಶಗಳೆಲ್ಲ ಸೇರಿ ಕಡಲಿಗೊಂದು ಕಾನೂನು ಬರೆದಿವೆ, ಇಂಥ ಜಲಸಂಧಿಗಳಲ್ಲಿ ಯಾವ ದೇಶದ ಹಡಗಾದರೂ ಯಾರ ಅಪ್ಪಣೆಯೂ ಇಲ್ಲದೆ ಹಾದುಹೋಗಬಹುದು ಎಂದು. ಅಪ್ಪ ಬಲೆ ಹೆಣೆಯುವುದನ್ನು ನಿಲ್ಲಿಸಿ, "ಉದ್ದಕ್ಕೆ ಹೋಗೋರಿಗೆ ತಾನೇ? ನಂಗೊತ್ತಿತ್ತು," ಎಂದ. ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ.

ಆಮೇಲಿನದು ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇರಾನ್ ತನ್ನ ಎಣ್ಣೆಯನ್ನು ಲಾರಕ್ಕಿನ ಪಕ್ಕಕ್ಕೆ ತಂದು ದೊಡ್ಡ ಹಡಗುಗಳಿಗೆ ತುಂಬತೊಡಗಿತು. ಇರಾಕಿನ ವಿಮಾನಗಳು ಅಲ್ಲಿಗೇ ಬಂದು ಬಾಂಬು ಸುರಿದವು. ನಮ್ಮ ದಿಣ್ಣೆಯಿಂದ ಹೊಗೆ ಕಾಣುತ್ತಿತ್ತು. ಅವ್ವ ಅಲ್ಲಿ ಹುಟ್ಟಿದವಳಲ್ಲವೇ, ಹೊಗೆ ಕಂಡಾಗಲೆಲ್ಲ ಎದೆ ಬಡಿದುಕೊಳ್ಳುವಳು. ಸುದ್ದಿ ತಿಳಿಯಲು ಇದ್ದ ದಾರಿ ಒಂದೇ, ಲಾರಕ್ಕಿನ ಪಕ್ಕದ ಕೆಷ್ಮ್ ದ್ವೀಪದ ಕಂಬರ್. ಅವನು ಕಳ್ಳ ದೋಣಿಯಲ್ಲಿ ಮೇಕೆ ತಂದು ನಮ್ಮ ಕಡೆಯ ಖಸಬ್ ಪಟ್ಟಣದಲ್ಲಿ ಮಾರಿ, ಸಿಗರೇಟು ತುಂಬಿಕೊಂಡು ಹೋಗುತ್ತಿದ್ದ. ಜೊತೆಗೆ ಎರಡೂ ಕಡೆಯವರ ಕ್ಯಾಸೆಟ್ಟು. ನಮಗೆ ಬರೆಯಲು ಬಾರದು, ಬಂದರೂ ನಮ್ಮ ಭಾಷೆಗೆ ಬರಹವಿಲ್ಲ. ಹಾಗಾಗಿ ಮಾತನ್ನೇ ತುಂಬಿ ಕಳಿಸುತ್ತಿದ್ದೆವು. "ಮೇಕೆಗಿರೋ ದಾರಿ ಮನುಷ್ಯರಿಗಿಲ್ವಲ್ಲೋ ಕಂಬರ್," ಎನ್ನುತ್ತಿದ್ದ ಅಪ್ಪ.

"ಮೇಕೆ ಬಾಯಿ ಮುಚ್ಚಿಕೊಂಡು ಬರುತ್ತೆ ಕಾಕಾ. ನಿಮ್ಮನ್ನ ಕೂರಿಸ್ಕೊಂಡ್ರೆ ದಾರಿಯುದ್ದ ಕಾವಲಿನವರ ಜೊತೆ ವಾದ ಮಾಡ್ತೀರಾ," ಎನ್ನುವನು ಅವನು. ಅದು ಸುಳ್ಳೂ ಅಲ್ಲ.

ನನಗೆ ಹದಿನಾರಾಯಿತು, ಹದಿನೇಳಾಯಿತು. ಜೊತೆಯವರೆಲ್ಲ ಕಂಕುಳಲ್ಲಿ ಮಗು ಇಟ್ಟುಕೊಂಡು ಬಾವಿಗೆ ಬರುತ್ತಿದ್ದರು. "ಸಾಲ್ಹಾ, ನಿನ್ನ ಗಂಡ ಅಮೆರಿಕದ ಹಡಗಿನ ಹಿಂದೆ ಬರ್ತಾನಾ, ರಷ್ಯಾದ್ದರ ಹಿಂದೆ ಬರ್ತಾನಾ?" ಎಂದು ಕಿಚಾಯಿಸುವರು. ಕುವೈತಿನ ಹಡಗುಗಳಿಗೆ ಆಗ ಅಮೆರಿಕದವರು ಬೆಂಗಾವಲು ಕೊಡುತ್ತಿದ್ದರು. ಎಣ್ಣೆಗೆ ಬೆಂಗಾವಲು, ನನ್ನ ಮದುಮಗನಿಗೆ ಬೆಂಗಾವಲಿಲ್ಲ! ಅವ್ವ ಕೊನೆಗೆ ಬಾಯಿ ಬಿಟ್ಟೇ ಹೇಳಿದಳು, "ಇವಳನ್ನ ಖಸಬಿನೋರಿಗೆ ಕೊಟ್ಟುಬಿಡಿ. ಎಷ್ಟು ದಿನ ಅಂತ ಉಪ್ಪಿನಕಾಯಿ ಹಾಕ್ಕೊಂಡು ಇಟ್ಕೋತೀರ?" ಅಪ್ಪ ಕೆಂಡಾಮಂಡಲವಾದ. "ಮಾತು ಕೊಟ್ಟಿದ್ದು ಜುಲೈಖಾಗೆ. ಅವಳು ಈ ಮರಳಿಗೆ ಬರ್ಬೇಕು, ಅವಳ ದೋಣಿ ಮೂತಿ ನಾನು ಹಿಡೀಬೇಕು. ಇನ್ನೊಂದು ಸಲ ಈ ಮಾತು ಎತ್ತಿದ್ರೆ ನೋಡು!"

ದೋಣಿಯ ಮೂತಿ ಹಿಡಿಯುವುದು ಅಂದರೆ ಹೀಗೆ. ಗಂಡಿನ ಕಡೆಯವರು ತಮಟೆ ಬಡಿಯುತ್ತ ಬಂದು ದಡದ ನೀರಲ್ಲಿ ನಿಲ್ಲುತ್ತಾರೆ. ಹೆಣ್ಣಿನ ಅಪ್ಪನೋ ಅಣ್ಣನೋ ಮೊಣಕಾಲುದ್ದದ ನೀರಿಗಿಳಿದು ದೋಣಿಯ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು, ಇಳಿಯಿರಿ ಎನ್ನಬೇಕು. ಅಲ್ಲಿಯವರೆಗೆ ಒಂದು ಕಾಲೂ ಕೆಳಗೆ ಬೀಳುವಂತಿಲ್ಲ. ಹಿಡಿಯುವವರು ಬರಲಿಲ್ಲವೆಂದರೆ ಹುಡುಗಿ ಕೊಡುವುದಿಲ್ಲ ಎಂದೇ ಅರ್ಥ.

ಎಂಬತ್ತೆಂಟನೆಯ ಇಸವಿಯ ಬೇಸಿಗೆ ಬಂತು. ಆ ಜುಲೈನಲ್ಲಿ ಅಮೆರಿಕದವರು ಇರಾನಿನ ಪ್ರಯಾಣಿಕರ ವಿಮಾನವನ್ನೇ ಹೊಡೆದು ಕಡಲಿಗೆ ಕೆಡವಿದರು. ಸುಮಾರು ಮುನ್ನೂರು ಜನ, ಮಕ್ಕಳೂ ಇದ್ದರು. ನಮ್ಮವರು ಎಷ್ಟೋ ದಿನ ಆ ದಿಕ್ಕಿಗೆ ಬಲೆ ಹಾಕಲಿಲ್ಲ. ನಾವು ಆಗ ಪ್ರತಿ ಬೇಸಿಗೆಯಂತೆ ಖರ್ಜೂರ ಕೊಯ್ಯಲು ಇಡೀ ಊರು ಎದ್ದು ಖಸಬಿನ ತೋಟಗಳಿಗೆ ಬಂದಿದ್ದೆವು. ಕುಮ್ಜಾರಿನಲ್ಲಿ ಉಳಿದಿದ್ದವನು ಮೇಕೆ ಕಾಯುವ ಮುದುಕ ಸುಬೈತ್ ಒಬ್ಬನೇ. ಆಗಸ್ಟ್ ಇಪ್ಪತ್ತಕ್ಕೆ ಯುದ್ಧ ನಿಂತಿತೆಂದು ರೇಡಿಯೋ ಹೇಳಿತು. ಅಪ್ಪ ಖರ್ಜೂರದ ಮರದ ಮೇಲಿದ್ದ. ಗೊನೆಯನ್ನು ಅಲ್ಲೇ ಬಿಟ್ಟು ಇಳಿದು ಬಂದ, ಮೊಣಕೈ ತರಚಿದ್ದೂ ಅವನಿಗೆ ಗೊತ್ತಾಗಲಿಲ್ಲ.

ನಾಲ್ಕು ದಿನದ ಮೇಲೆ ಸುಹೈಲ್ ಕಂಡಿತು. ಅವತ್ತೇ ಅಪ್ಪ ಕ್ಯಾಸೆಟ್ಟಿನ ಮುಂದೆ ಕೂತ. "ಜುಲೈಖಾ, ನಾನು ಕಣೇ, ನಿನ್ನ ಅಣ್ಣ. ಗುಂಡಿನ ಸದ್ದು ನಿಂತಿದೆ. ಕಾವಲಿನವರು ಮತ್ತೆ ಸೆಟೆದು ನಿಲ್ಲೋಕೆ ಮುಂಚೆ ಬಂದುಬಿಡಿ. ನಲವತ್ತನೇ ದಿನ, ಕುಮ್ಜಾರಿಗೆ. ಮೂತಿ ಹಿಡಿಯೋಕೆ ನಾನಿರ್ತೀನಿ." ನಲವತ್ತನೆಯ ದಿನಕ್ಕೆ ಖರ್ಜೂರದ ಕೆಲಸ ಮುಗಿದು ನಾವೆಲ್ಲ ಊರಿಗೆ ಮರಳಿರುತ್ತೇವೆ ಎಂಬುದು ಅವನ ಎಣಿಕೆ.

ವಾರದೊಳಗೆ ಕಂಬರ್ ಉತ್ತರ ತಂದ. ಹತ್ತು ವರ್ಷದಲ್ಲಿ ಅತ್ತೆಯ ದನಿ ಒಡೆದಿತ್ತು, ಬಯ್ಯುವ ಧಾಟಿ ಮಾತ್ರ ಅದೇ. "ಆಗ್ಲಿ ಅಣ್ಣಾ, ನಲವತ್ತನೇ ದಿನ ಬರ್ತೀವಿ. ನಿಂದು ಯಾವಾಗ್ಲೂ ಅವಸರಾನೇ. ಬಟ್ಟೆ ಹೊಲಿಸೋಕೂ ಪುರುಸೊತ್ತು ಕೊಡ್ಲಿಲ್ಲ ನೋಡು."

"ಅವಸರವಂತೆ! ತಿಂಗಳ ಮೇಲೆ ಟೈಮಿದೆ. ಹುಟ್ಟಿದಾಗಿಂದ ಸೋಮಾರಿ ಇವಳು," ಎಂದು ಅಪ್ಪ ಬಿದ್ದುಬಿದ್ದು ನಕ್ಕ. ನಾವೂ ನಕ್ಕೆವು. ಅಯ್ಯೋ, ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ನಲವತ್ತನೆಯ ದಿನ ಬಂತು. ಊರಿಗೆ ಮರಳಿ ವಾರವಾಗಿತ್ತು. ಕಂಬರ್ ಆ ಉತ್ತರ ಕೊಟ್ಟು ಹೋದವನು ಮತ್ತೆ ಈ ಕಡೆ ಬಂದಿರಲಿಲ್ಲ. ಹನ್ನೆರಡು ಮೇಕೆ ಕಡಿದರು. ಅನ್ನದ ಹಂಡೆಗಳು ಬೆಳಗಿನಿಂದ ಕುದಿಯುತ್ತಿದ್ದವು. ನನ್ನ ಕೈಗೆ ಗೋರಂಟಿ ಹಾಕಿ, ಹಸಿರು ಬಟ್ಟೆ ಉಡಿಸಿ ಒಳಗೆ ಕೂರಿಸಿದ್ದರು. ಅಪ್ಪ ಬೆಳಿಗ್ಗೆಯಿಂದ ಮೊಣಕಾಲುದ್ದದ ನೀರಲ್ಲಿ ನಿಂತವನು ನಿಂತೇ ಇದ್ದ. ಮಧ್ಯಾಹ್ನವಾಯಿತು. ಸಂಜೆ ನಮಾಜಿನ ಕೂಗು ಆಯಿತು. ಅನ್ನ ಮುದ್ದೆಯಾಯಿತು. ಬಾವಿಯ ಗೆಳತಿಯರು ಈಗ ಕಿಚಾಯಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಸುಬೈತಜ್ಜ ಮಾಂಸದ ವಾಸನೆ ಹಿಡಿದು ಬೆಟ್ಟದಿಂದ ಇಳಿದು ಬಂದ. "ಏನ್ ದರ್ವೀಶ, ನೀರಲ್ಲಿ ಬೇರು ಬಿಟ್ಟಿದ್ದೀಯ?" ಎಂದ.

"ಬೀಗರನ್ನ ಕಾಯ್ತಿದ್ದೀನಿ ಅಜ್ಜಾ. ಲಾರಕ್ಕಿನೋರು."

"ಅವರಾ? ಹೋದ ತಿಂಗಳೇ ಬಂದಿದ್ರಲ್ಲೋ."

ಅಂಗಳದಲ್ಲಿ ಸೌಟಿನ ಸದ್ದೂ ನಿಂತಿತು. ನಾನು ಮದುಮಗಳು ಎಂಬುದನ್ನೂ ಮರೆತು ಬಾಗಿಲಿಗೆ ಓಡಿ ಬಂದೆ.

"ಯಾರು ಬಂದಿದ್ರು?" ಅಪ್ಪನ ದನಿ ಅವನದಲ್ಲ ಅನ್ನಿಸಿತು.

"ಎರಡು ದೋಣಿ ತುಂಬ ಜನ. ತಮಟೆ ಗಿಮಟೆ ಎಲ್ಲ. ನಿನ್ನ ತಂಗಿನೂ ಇದ್ಲು. ಊರಲ್ಲಿ ನರಪಿಳ್ಳೆ ಇಲ್ಲ, ಎಲ್ಲ ಖಸಬಲ್ಲಿದ್ದಾರೆ, ಅಲ್ಲಿಗೆ ಹೋಗ್ರಪ್ಪ ಅಂದೆ. ಖಸಬಲ್ಲಿ ಪೊಲೀಸರು ಕಡಲಲ್ಲೇ ಹಿಡೀತಾರೆ ಅಂದ್ರು. ಎರಡು ದಿನ ಇಲ್ಲೇ, ಈಗ ನೀನು ನಿಂತಿದ್ದೀಯಲ್ಲ, ಇದೇ ಜಾಗದಲ್ಲಿ ದೋಣಿಯೊಳಗೆ ಕೂತಿದ್ರು."

"ಇಳೀಲಿಲ್ವಾ?"

"ನೀನು ಈ ಊರ ಮಗಳಲ್ವೇನೆ, ಇಳಿದು ನೆರಳಿಗಾದ್ರೂ ಬಾ ಅಂದೆ. ಅಣ್ಣ ಬಂದು ಮೂತಿ ಹಿಡಿದ ಮೇಲೆ ಇಳೀತೀನಿ ಅಂದ್ಲು. ಆ ಬಿಸಿಲಲ್ಲಿ ಮುಸುಕು ಹಾಕ್ಕೊಂಡು ಕೂತೇ ಇದ್ಲು ಮಹರಾಯ್ತಿ. ಮೂರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಹೋಗಿದ್ರು."

"ಮುದುಕಾ, ಇಷ್ಟು ದಿನ ಹೇಳೋಕೆ ನಿಂಗೇನಾಗಿತ್ತು ದಾಡಿ?" ಎಂದು ಅವ್ವ ಸೌಟು ಹಿಡಿದೇ ಅವನ ಮೇಲೆ ಏರಿ ಹೋದಳು.

"ಖಸಬಿಗೆ ಹೋಗಿ ನಿಮ್ಮನ್ನ ಕಂಡೇ ಹೋಗಿರ್ತಾರೆ ಅಂದ್ಕೊಂಡೆ ಕಣವ್ವಾ! ನಂಗೇನು ಕನಸು ಬಿದ್ದಿತ್ತಾ?" ಎಂದ ಸುಬೈತಜ್ಜ. ಅವನನ್ನೂ ಬಯ್ಯುವಂತಿರಲಿಲ್ಲ. ಅದೇ ನನ್ನ ಸಂಕಟ. ಈ ಕತೆಯಲ್ಲಿ ಕೊರಳಪಟ್ಟಿ ಹಿಡಿದು ನಾಲ್ಕು ಬಾರಿಸಲು ಒಬ್ಬನೂ ಸಿಗುವುದಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಅಪ್ಪ ಎಂಜಿನ್ನಿಗೆ ಎಣ್ಣೆ ತುಂಬಿದ. ನಾನೂ ಹತ್ತಿ ಕೂತೆ. "ನೀನೆಲ್ಲಿಗೇ?" ಎಂದ. "ಮದುವೆ ನಂದು ತಾನೇ?" ಎಂದೆ. ಅವನು ಎಂಜಿನ್ ಚಾಲೂ ಮಾಡಿದ. ಹಡಗಿನ ದಾರಿಗಳನ್ನು ಓತಿಕ್ಯಾತದಂತೆ ನಿಂತು, ನೋಡಿ, ಓಡಿ ದಾಟಿದೆವು. ಲಾರಕ್ಕಿನ ಕೆಂಪು ಗುಡ್ಡ, ಹಳೆಯ ಕೋಟೆಯ ಗೋಡೆ ಕಣ್ಣಿಗೆ ಬಿತ್ತು. ದಡದಲ್ಲಿ ಒಣಗಲು ಹಾಕಿದ ಬಟ್ಟೆಯ ಬಣ್ಣ ಕಾಣುವಷ್ಟು ಹತ್ತಿರ ಹೋಗಿದ್ದೆವು. ಕಾವಲಿನ ದೋಣಿ ಬಂದು ಅಡ್ಡ ನಿಂತಿತು.

ಬಂದೂಕು ಹಿಡಿದವನಿಗೆ ಗಡ್ಡ ಅರ್ಧ ನೆರೆತಿತ್ತು. ಮೊದಲು ಫಾರ್ಸಿಯಲ್ಲಿ ಕೂಗಿದ. ಅಪ್ಪನ ಮುಖ ನೋಡಿ ನಮ್ಮ ಭಾಷೆಗೆ ಹೊರಳಿದ. "ದರ್ವೀಶಣ್ಣ ಅಲ್ವಾ? ಕಾಗದ ಇದೆಯಾ?"

"ತಂಗಿ ಮನೆಗೆ ಯಾವ ಕಾಗದವೋ? ಜುಲೈಖಾನ ಕಾಣ್ಬೇಕು. ಯಾಖೂಬ್ ಬಂದಾಗ ನಾನು ಊರಲ್ಲಿರ್ಲಿಲ್ಲ."

ಅವನು ನನ್ನ ಗೋರಂಟಿಯ ಕೈ ನೋಡಿ ಕಣ್ಣು ತಪ್ಪಿಸಿದ. "ಯಾಖೂಬನ ಮದುವೆ ಆಯ್ತಲ್ಲಣ್ಣಾ. ಹನ್ನೆರಡು ದಿನ ಆಯ್ತು. ಕೆಷ್ಮಿನ ಹುಡುಗಿ. ಎರಡು ದಿನ ಬಿಸಿಲಲ್ಲಿ ಕೂರಿಸಿ ಅವಮಾನ ಮಾಡಿದ್ರು ಅಂತ ಜುಲೈಖಕ್ಕ ಹಟಕ್ಕೆ ಬಿದ್ದು ಮಾಡಿಸಿದ್ಲು."

"ನಲವತ್ತನೇ ದಿನ ಅಂತ ಹೇಳಿದ್ನಲ್ಲೋ! ನಲವತ್ತು ಆಗಿದ್ದು ನಿನ್ನೆ!"

"ನಿನ್ನೆ? ಇವತ್ತು ಅರವತ್ತೆಂಟು ಅಲ್ವಾ?"

"ಎಲ್ಲಿಯ ಅರವತ್ತೆಂಟೋ?" ಎಂದ ಅಪ್ಪ. ಕಾವಲಿನವನೇ ಬಿಡಿಸಿ ಹೇಳಿದ, ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡಿದಂತೆ. "ಸುಹೈಲ್ ಕಂಡ ಸುದ್ದಿ ನಿಮ್ಮ ಕಡೆಯಿಂದ ಬರೋದು ನಿಂತು ಹತ್ತು ವರ್ಷ ಆಯ್ತಲ್ಲಣ್ಣಾ. ನಾವೇನು ಮಾಡೋದು? ಕೆಷ್ಮಿನೋರ ಎಣಿಕೆ ಹಿಡ್ಕೊಂಡ್ವಿ. ಅವರ ಕಡಲ ಹೊಸವರ್ಷ ನಿಮ್ಮದಕ್ಕಿಂತ ಇಪ್ಪತ್ತೇಳು ದಿನ ಮುಂಚೆ. ಜುಲೈಖಕ್ಕ ಆ ನಲವತ್ತಕ್ಕೇ ಬಂದಿದ್ದು."

ಅಪ್ಪ ಬೆರಳು ಮಡಚಿ ಎಣಿಸಿದ. ಮತ್ತೆ ಮೊದಲಿಂದ ಎಣಿಸಿದ. ತಪ್ಪು ಸಿಗಲಿಲ್ಲ, ಯಾಕಂದರೆ ಇಬ್ಬರ ಎಣಿಕೆಯೂ ಸರಿಯಾಗೇ ಇತ್ತು. ನನಗೆ ಆ ಕ್ಷಣ ಅಪ್ಪನ ಮೇಲೆ ಸಿಟ್ಟು ಬಂತು, ಅತ್ತೆಯ ಮೇಲೆ ಬಂತು, ಏಡಿ ಎಸೆದವನ ಮೇಲೂ ಬಂತು. ಇನ್ನಷ್ಟು ದಿನ ಕಾಯಲು ಆಗಲಿಲ್ಲವೇ ನಿನಗೆ? ನಾನು ಹದಿನೆಂಟು ವರ್ಷ ಕಾಯಲಿಲ್ಲವೇ?

"ಹುಡುಗಿ ಹೆಸರೇನು?" ಎಂದು ಕೇಳಿದೆ.

"ಮಹ್‌ನಾಜ್ ಅಂತ ಕಣಮ್ಮಾ."

ಹೆಸರು ತಿಳಿದು ಏನಾಗಬೇಕಿತ್ತೋ. ಕೇಳಿದೆ, ಅಷ್ಟೇ.

"ದಡಕ್ಕೆ ಬಿಡು. ಒಂದೇ ಮಾತು ಹೇಳಿ ಬರ್ತೀನಿ," ಎಂದ ಅಪ್ಪ. ಜೀವಮಾನದಲ್ಲಿ ಯಾರ ಮುಂದೆಯೂ ತಗ್ಗದವನು ಕೈ ಮುಂದೆ ಚಾಚಿದ್ದ.

"ಬಿಟ್ರೆ ನನ್ನ ಹೆಂಡ್ತಿ ಮಕ್ಕಳು ಬೀದಿಗೆ ಬೀಳ್ತಾರೆ ಅಣ್ಣಾ. ಏನಂತ ಹೇಳಿ, ನಾನೇ ಹೇಳ್ತೀನಿ."

"ನಾನು ಸುಹೈಲಿನಿಂದ ಎಣಿಸಿದ್ದೆ ಅಂತ ಹೇಳು. ನಮ್ಮ ಅಪ್ಪನ ಕಾಲದಿಂದ ಎಣಿಸೋ ಹಂಗೇ ಎಣಿಸಿದ್ದೆ ಅಂತ ಹೇಳು. ನಿನ್ನೆ ಬೆಳಿಗ್ಗೆಯಿಂದ ನೀರಲ್ಲಿ ನಿಂತಿದ್ದೆ ಅಂತ ಹೇಳು."

"ಹೇಳ್ತೀನಿ. ನಂಬ್ತಾಳೋ ಇಲ್ವೋ, ನಂಗೊತ್ತಿಲ್ಲ."

ನಾವು ತಿರುಗಿದೆವು. ಹೊರಗೆ ಹೋಗುವ ಹಡಗುಗಳ ದಾರಿಯ ಅಂಚಿನಲ್ಲಿ ಎಂಜಿನ್ ನಿಲ್ಲಿಸಿ ಕಾಯಬೇಕಾಯಿತು. ಜಪಾನಿಗೆ ಹೋಗುವುದೊಂದು, ಯಾವ ದೇಶದ್ದೋ ಇನ್ನೊಂದು, ಹೊಟ್ಟೆ ತುಂಬ ಎಣ್ಣೆ ತುಂಬಿಕೊಂಡು ಹೋದವು. ಅವುಗಳ ಅಲೆಗೆ ನಮ್ಮ ದೋಣಿ ಎತ್ತೆತ್ತಿ ಕುಕ್ಕುತ್ತಿತ್ತು. ಅಪ್ಪ ನನ್ನ ಮುಖ ನೋಡದೆ, "ಸಾಲ್ಹಾ, ನಿನ್ನ ಬಾಳು ನಾನೇ ಹಾಳು ಮಾಡಿದೆ," ಎಂದ. ಇಲ್ಲ ಅಪ್ಪಾ ಎಂದು ಹೇಳಬೇಕಿತ್ತು. ನಾನು ದೋಣಿಗೆ ನುಗ್ಗಿದ ನೀರನ್ನು ಎತ್ತಿ ಚೆಲ್ಲುತ್ತ ಕೂತೆ.

ಎರಡು ವರ್ಷದ ಮೇಲೆ ನನ್ನನ್ನು ಖಸಬಿನವನಿಗೇ ಕೊಟ್ಟರು. ಒಳ್ಳೆಯವನು, ದೂರಲು ಏನೂ ಇಲ್ಲ. ಜುಲೈಖತ್ತೆಯ ಕ್ಯಾಸೆಟ್ಟು ಮತ್ತೆ ಬರಲಿಲ್ಲ. ಅವಳು ತೀರಿಕೊಂಡ ಸುದ್ದಿಯೂ ನಮಗೆ ಮುಟ್ಟಿದ್ದು ಎರಡು ತಿಂಗಳು ತಡವಾಗಿ. ಅಪ್ಪ ಆಮೇಲೆ ಸುಹೈಲ್ ನೋಡಲು ಬೆಟ್ಟ ಹತ್ತಲಿಲ್ಲ, ಕಣ್ಣು ಮಂಜಾಗಿದೆ ಎಂದು ಸುಳ್ಳು ಹೇಳಿದ. ಕೊನೆಗಾಲಕ್ಕೆ ನೆನಪೂ ಕೈಕೊಟ್ಟಿತು, ತಂಗಿ ಸತ್ತದ್ದು ಮರೆತುಹೋಗಿತ್ತು. ಕಂಬರ್ ನೋಡಲು ಬಂದರೆ ಸಾಕು, ಹಾಸಿಗೆಯಲ್ಲೇ ಮೊಣಕೈ ಊರಿ ಎದ್ದು, ಅವನ ಅಂಗಿ ಹಿಡಿದು ಕೇಳುತ್ತಿದ್ದ, "ಏನೋ ಕಂಬರ್, ನಂಬಿದ್ಲಂತಾ?"